ಸಾಕ್ಷಿಕಲ್ಲಿನ ಐದೂವರೆ ಗಂಟೆ

“ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ನನಗೆ ತಾರೀಖು ಹೇಳಿಕೊಡೋಕೆ ಬಂದಿದಾನೆ. ಎಲ್ಲರೂ ಒಂದು ಚಪ್ಪಾಳೆ ತಟ್ರಪ್ಪ” ಅಂದರು ಇಂದುಧರ ಸಾಹೇಬರು.

ಹರಿಹರದ ಕ್ಷಣಭವನದಲ್ಲಿ ಸೋಮವಾರದ ಸಭೆ. ಮೂವತ್ತೆರಡು ಜನ ಇದ್ದೆವು. ನಾಲ್ಕೈದು ಜನ ನಿಜಕ್ಕೂ ತಟ್ಟಿದರು, ಮಿಕ್ಕವರು ನಕ್ಕರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದ ಅವಳಿ ಮಕ್ಕಳಿಗೆ ನಮ್ಮ ವೆಬ್ ಪುಟ ಎರಡು ಬೇರೆ ತಾರೀಖು ಯಾಕೆ ಕೊಡ್ತು ಅಂತ.

ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, “ಇವನು ಯಾರ ಮಗ ಗೊತ್ತಲ್ಲ? ಬ್ಯಾರೇಜು ಕಾವಲಿನ ಮೈಲಾರಪ್ಪನ ಮಗ. ಅಪ್ಪ ಮೂರು ಜನರನ್ನ ನೀರಿಗೆ ಬಿಟ್ಟ. ಮಗ ನನ್ನ ಪುಟ ಮುಳುಗಿಸೋಕೆ ನಿಂತಿದಾನೆ. ಕೂತ್ಕೋ ಹಾಲೇಶ. ನಿನ್ನ ಕೆಲಸ ಪರದೆ ಒರೆಸೋದು” ಅಂದರು.

ಕೂತೆ. ಕೂತಲ್ಲೇ ಲೆಕ್ಕ ಹಾಕಿದೆ. 2057ರ ಡಿಸೆಂಬರ್ ಹತ್ತು. ಮೂವತ್ತೊಂದಕ್ಕೆ ಇನ್ನು ಇಪ್ಪತ್ತೊಂದು ದಿನ.

ಸಾಕ್ಷಿಕಲ್ಲು ಅಂದರೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಬಿಳಿ ಹರಳು. ಬಾಗಿಲು, ಗೇಟು, ಆಸ್ಪತ್ರೆ ಮಂಚ, ಸ್ಮಶಾನ, ಎಲ್ಲ ಕಡೆಯೂ ಒಂದೊಂದು ಹುದುಗಿಸಿದ್ದಾರೆ. ಏನೇ ತೆರೆಯಲಿ, ಮುಚ್ಚಲಿ, ಹುಟ್ಟಲಿ, ಸಾಯಲಿ, ಆ ಕ್ಷಣವನ್ನು ಕಲ್ಲು ತನ್ನೊಳಗೆ ಒಂದು ಸಂಖ್ಯೆಯಾಗಿ ಕೊರೆದುಕೊಳ್ಳುತ್ತೆ. ಕೊರೆದದ್ದನ್ನು ದೇವರು ಬಂದರೂ ತಿದ್ದೋಕಾಗಲ್ಲ. ಅದಕ್ಕೇ 2046ರ ಏಪ್ರಿಲ್ ಒಂದರಿಂದ ಕಾಯಿದೆ ಬಂತು: ಮನುಷ್ಯರ ಸಾಕ್ಷಿ ನಡೆಯೋದಿಲ್ಲ, ಕಲ್ಲಿನದೇ ಸಾಕ್ಷಿ. ಜನ ಬೇಗ ಒಗ್ಗಿಕೊಂಡರು. ಮದುವೆ ಮಂಟಪದ ಕಂಬಕ್ಕೆ ಕಲ್ಲು ಕಟ್ಟೋರು, ತಾಳಿ ಬಿದ್ದ ಗಳಿಗೆ ಕೊರೆಯಲಿ ಅಂತ. ಅತ್ತೆ ಸೊಸೆ ಜಗಳಕ್ಕೆ ಬಿದ್ದರೆ “ಕಲ್ಲು ಕೇಳೋಣ ಬಾ” ಅನ್ನೋರು. “ನಾನು ಕಣ್ಣಾರೆ ಕಂಡೆ” ಅನ್ನೋ ಮಾತು ಊರಿನ ಬಾಯಿಂದಲೇ ಹೋಯಿತು. ಯಾರಾದರೂ ಹಾಗಂದರೆ ನಗುತ್ತಿದ್ದರು.

ಆದರೆ ಕಲ್ಲಿಗೆ ಸೋಮವಾರ ಮಂಗಳವಾರ ಗೊತ್ತಿಲ್ಲ. ಅದು ಎಣಿಸೋದು ಬರೀ ಸೆಕೆಂಡು. 1970ರ ಜನವರಿ ಒಂದರಿಂದ ಇವತ್ತಿನವರೆಗೆ ಎಷ್ಟು ಸೆಕೆಂಡಾಯಿತೋ ಅಷ್ಟು. ಹತ್ತು ಅಂಕಿಯ ಆ ಸಂಖ್ಯೆಯನ್ನು ನಮ್ಮಂಥವರು ಓದುವ ತಾರೀಖು ಮಾಡಿಕೊಡೋದು ಕ್ಷಣಭವನದ ವೆಬ್ ಪುಟ. ಅದನ್ನು ಬರೆದವರು ಇಂದುಧರ ಸಾಹೇಬರು. ಪುಟ ಗಂಟೆ ತೋರಿಸೋದಿಲ್ಲ, ತಾರೀಖು ಮಾತ್ರ. ಗಂಟೆ ತೋರಿಸಿದರೆ ಜನ ಅದಕ್ಕೂ ಜಗಳ ತೆಗೀತಾರೆ ಅಂತ ಅವರೇ ತೆಗೆದುಹಾಕಿದ್ದು. ಕೋರ್ಟಿಗೆ ಪುಟ ಹೇಳಿದ್ದೇ ಕಲ್ಲು ಹೇಳಿದ್ದು.

ಕಲ್ಲು ಸುಳ್ಳು ಹೇಳಲ್ಲ. ಕಲ್ಲಿನ ಬಾಯಾಗಿ ಕೂತವನ ವಿಷಯ ಯಾರೂ ಕೇಳಲಿಲ್ಲ.

ಅಪ್ಪನದು ಹೊಳೆಗೆ ಕಟ್ಟಿದ ಬ್ಯಾರೇಜಿನ ಗೇಟು ಕಾಯುವ ಕೆಲಸ. ಒಂದು ದಿನ ಅವನ ಪಾಳಿ, ಮರುದಿನ ತಿಪ್ಪೇಶಿಯದು. ರಾತ್ರಿ ಹನ್ನೆರಡಕ್ಕೆ ಕೀಲಿಕೈ ಬದಲು. 2049ರ ಸೆಪ್ಟೆಂಬರಿನಲ್ಲಿ ಸೈರನ್ ಕೂಗಿಸದೆ ಯಾರೋ ಗೇಟು ಎತ್ತಿದರು. ಕೆಳಗೆ ಮೀನಿಗೆ ಬಲೆ ಬಿಟ್ಟುಕೊಂಡಿದ್ದ ಮೂವರು ಹೋದರು. ಗೇಟಿನ ಕಲ್ಲು ಕೊರೆದ ಸಂಖ್ಯೆಯನ್ನು ಪುಟಕ್ಕೆ ಹಾಕಿದರು. ಸೆಪ್ಟೆಂಬರ್ ಹನ್ನೊಂದು ಅಂತು. ಹನ್ನೊಂದು ಅಪ್ಪನ ಪಾಳಿ. “ಹನ್ನೆರಡಕ್ಕೆ ಕೀಲಿಕೈ ಬದಲಿಸಿ ಸೈಕಲ್ಲು ಹತ್ತಿದೆ ಸ್ವಾಮಿ” ಅಂತ ಅಪ್ಪ ಅಂದದ್ದು ಮನುಷ್ಯನ ಮಾತು, ನಡೆಯಲಿಲ್ಲ. ಸತ್ತವರ ಮನೆಯವರೂ “ಹನ್ನೊಂದರ ರಾತ್ರಿ” ಅಂತಲೇ ಅಂದರು. ನಮ್ಮ ಕಡೆ ಯಾರು ತಾನೇ ನಡುರಾತ್ರಿಗೆ ದಿನ ಬದಲಿಸುತ್ತಾರೆ? ಬೆಳಕು ಹರಿಯೋವರೆಗೂ ಅದು ನಿನ್ನೆಯೇ.

ಅಪ್ಪನಿಗೆ ಐದು ವರ್ಷ ಜೈಲು. ನನಗೆ ಹದಿಮೂರು. ಅರ್ಧ ಬರೆದ ಪಟ್ಟಿ ಪುಸ್ತಕ ಬ್ಯಾಗಲ್ಲೇ ಬಿಟ್ಟು ಮೊಬೈಲ್ ರಿಪೇರಿ ಅಂಗಡಿಗೆ ಸೇರಿದೆ. ಪರದೆ ಒರೆಸೋಕೆ ಕ್ಷಣಭವನಕ್ಕೆ ಬಂದದ್ದು ಆಮೇಲೆ. ಅಮ್ಮ ಮಂಡಕ್ಕಿ ಭಟ್ಟಿಗೆ ಹೋದಳು. ಎಂಟನೇ ಕ್ಲಾಸು ಯಾಕೆ ಅರ್ಧ ಆಯಿತು ಅಂತ ಸಾಹೇಬರು ಕೇಳಬೇಕಿತ್ತು, ಹೇಳುತ್ತಿದ್ದೆ.

ಅಪ್ಪ ಈಚೆ ಬಂದು ಮೂರು ವರ್ಷವಾಯಿತು. ಹಿತ್ತಲಲ್ಲಿ ಕೂತು ಅಮ್ಮ ತಂದ ಮಂಡಕ್ಕಿ ಜರಡಿ ಹಿಡೀತಾನೆ. ಹೊಳೆ ಕಡೆ ಹೋಗಿಲ್ಲ. ಸಾವಿಗೆ ಹೋದರೆ ಜನ ಎದ್ದು ಹೋಗ್ತಾರೆ, ಅದಕ್ಕೆ ಸಾವಿಗೂ ಹೋಗಲ್ಲ. ನಮ್ಮ ಮನೆ ನೀರು ಕುಡಿಯೋರು ಊರಿನಲ್ಲಿ ಒಬ್ಬಳೇ, ಸಿದ್ದಮ್ಮ. ತಿಪ್ಪೇಶಿಯ ಹೆಂಡತಿ. ತಿಪ್ಪೇಶಿ ಕಾಮಾಲೆಯಾಗಿ ತೀರಿಕೊಂಡು ಆರು ವರ್ಷವಾಯಿತು. ಅಮ್ಮನ ಜೊತೆ ಅದೇ ಭಟ್ಟಿಯಲ್ಲಿ ಕೆಲಸ. ಅಪ್ಪ ಜೈಲಲ್ಲಿದ್ದಾಗ ಎಷ್ಟೋ ದಿನ ನಾನು ತಿಂದ ರೊಟ್ಟಿ ಅವಳು ಬಡಿದದ್ದು. ಯಾಕೆ ತರುತ್ತಿದ್ದಳು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಆ ಸಭೆಗೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಸಿದ್ದಮ್ಮ ಎರಡು ಜನನದ ಕಾರ್ಡು ಹಿಡಿದು ಬಂದಳು. ಮಗಳಿಗೆ ಅವಳಿ ಗಂಡು ಮಕ್ಕಳು.

“ನೋಡಪ ಹಾಲೇಶಿ, ನಿಮ್ಮ ಆಫೀಸಿನೋರಿಗೆ ತಲೆ ಐತೇನು? ದೊಡ್ಡೋನು ಸೋಮವಾರ ಮೂರನೇ ತಾರೀಖಂತೆ, ಸಣ್ಣೋನು ಮಂಗಳವಾರ ನಾಲ್ಕಂತೆ. ನನ್ನ ಮಗಳೇನು ಒಂದು ಹಡೆದು ಊಟ ಮಾಡಿ, ಮಲಗಿ ಎದ್ದು, ಇನ್ನೊಂದು ಹಡೆದಳೇನು?”

ಅಮ್ಮ ನಕ್ಕಳು. “ಎಷ್ಟೊತ್ತಿಗೆ ಆದವೇ?”

“ಗಡಿಯಾರ ನೋಡ್ತಾನೇ ಕುಂತಿದ್ದೆ. ದೊಡ್ಡೋನು ಬೆಳಗಿನ ಜಾವ ಐದು ಇಪ್ಪತ್ತೈದಕ್ಕೆ, ಸಣ್ಣೋನು ಐದು ಮೂವತ್ತೈದಕ್ಕೆ. ಇನ್ನೂ ಕತ್ತಲು. ಹಿರೇರ ಲೆಕ್ಕದಾಗೆ ಎರಡೂ ಸೋಮವಾರದ ಕೂಸು. ಗಡಿಯಾರದ ಲೆಕ್ಕದಾಗೆ ಎರಡೂ ಮಂಗಳವಾರದವು. ಇದ್ಯಾವ ಲೆಕ್ಕ?”

ಐದೂವರೆ. ನನ್ನ ಕೈಯಲ್ಲಿದ್ದ ಚಾ ಲೋಟ ಹಾಗೇ ನಿಂತಿತು.

ಇದನ್ನು ಇಂಜಿನಿಯರು ಓದಿದವನು ಹಿಡೀತಿದ್ದನೋ ಇಲ್ಲವೋ, ಮೊಬೈಲು ಬಿಚ್ಚಿದವನು ಹಿಡೀತಾನೆ. ಪೂರ್ತಿ ಸತ್ತ ಹಳೇ ಮೊಬೈಲಿಗೆ ಬ್ಯಾಟರಿ ಹಾಕಿ ಎಬ್ಬಿಸಿದರೆ, ಸಮಯ ಮರೆತಿರುತ್ತಲ್ಲ, ಅದು ತೋರಿಸೋದು 1970, ಜನವರಿ ಒಂದು, ಬೆಳಿಗ್ಗೆ ಐದೂವರೆ. ಸಾವಿರ ಸಲ ನೋಡಿದ್ದೆ. ಎಣಿಕೆ ಶುರುವಾಗೋದು ಇಂಗ್ಲೆಂಡಿನ ಗ್ರೀನಿಚ್ಚಿನ ನಡುರಾತ್ರಿಗೆ. ಅವರಿಗೆ ಸೊನ್ನೆ ಹೊತ್ತಾದಾಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ಕಲ್ಲಿನ ಸಂಖ್ಯೆಗೆ ಆ ಐದೂವರೆ ಗಂಟೆ ಸೇರಿಸಿದ ಮೇಲೆ ತಾರೀಖು ಮಾಡಬೇಕು. ಪುಟ ಸೇರಿಸುತ್ತಿಲ್ಲ. ಹಾಗಾಗಿ ನಡುರಾತ್ರಿಯಿಂದ ಐದೂವರೆಯೊಳಗೆ ಏನೇ ನಡೆದರೂ ಅದು ಹಿಂದಿನ ದಿನದ ತಲೆಗೆ ಬೀಳುತ್ತಿತ್ತು. ಹನ್ನೊಂದು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಯಾಕಂದರೆ ಅಜ್ಜಿಯಂದಿರ ಲೆಕ್ಕವೂ ಹೆಚ್ಚುಕಮ್ಮಿ ಅದೇ.

ಟ್ರಂಕಿನಿಂದ ಅಪ್ಪನ ತೀರ್ಪಿನ ಕಾಗದ ತೆಗೆದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕಲ್ಲಿನ ಸಂಖ್ಯೆ: 2515003823. ದಿನಕ್ಕೆ 86,400 ಸೆಕೆಂಡು. ಮಂಡಕ್ಕಿ ಚೀಲದ ಮೇಲೆ ಇದ್ದಿಲಿನಲ್ಲಿ ಭಾಗಿಸಿದೆ. ಬಂದದ್ದು 29,108 ದಿನ, ಮೇಲೆ ಇಪ್ಪತ್ತು ಗಂಟೆ ಹತ್ತು ನಿಮಿಷ. ಅದಕ್ಕೆ ಐದೂವರೆ ಗಂಟೆ ಸೇರಿಸಿದೆ. ದಿನ ಮಗುಚಿಕೊಂಡಿತು. ಸೆಪ್ಟೆಂಬರ್ ಹನ್ನೆರಡು, ರಾತ್ರಿ ಒಂದು ನಲವತ್ತು.

ಅಪ್ಪ ಜರಡಿ ನಿಲ್ಲಿಸಿರಲಿಲ್ಲ. ಸಿದ್ದಮ್ಮ ಹೋಗಲಿ ಅಂತ ಕಾದಿದ್ದ.

“ಬಿಡಲೇ ಅದನ್ನ” ಅಂದ.

“ನೀನು ಮಾಡಿಲ್ಲ ಅಂತ ಇದರಲ್ಲಿ ಐತೆ ಅಪ್ಪ.”

“ನಾನು ಮಾಡಿಲ್ಲ ಅಂತ ನನಗೆ ಚೀಲ ನೋಡಿ ಗೊತ್ತಾಗಬೇಕೇನು? ನಾನಲ್ಲ ಅಂದ್ರೆ ಯಾರು? ಸತ್ತೋನ ಮ್ಯಾಲೆ ಹಾಕ್ತೀಯಾ? ಆ ಹೆಣ್ಣುಮಗಳು ಈಗಿನ್ನೂ ಇಲ್ಲೇ ನೀರು ಕುಡುದು ಹೋದ್ಲು.”

“ನೀನು ಬದುಕಿದ್ದಾಗಲೇ ನಿನ್ನ ಮೇಲೆ ಹಾಕಿದರಲ್ಲ. ಅದಕ್ಕೆ ಯಾರು ಬಿಡು ಅಂದರು?”

ಅವನು ಜರಡಿಗೆ ಇನ್ನೊಂದಿಷ್ಟು ಮಂಡಕ್ಕಿ ಸುರಿದುಕೊಂಡ.

ಕಾಲ ಹೆಚ್ಚಿರಲಿಲ್ಲ. ಕಲ್ಲಿನ ಹೊಟ್ಟೆ ತುಂಬುತ್ತೆ. ಎಂಟು ವರ್ಷವಾದ ಕಲ್ಲುಗಳನ್ನು ಡಿಸೆಂಬರ್ ಮೂವತ್ತೊಂದಕ್ಕೆ ಬೆಳಕಿನಲ್ಲಿ ತೊಳೆದು ಬರಿದು ಮಾಡುತ್ತಾರೆ. ಈ ಸಲ 2049ರ ಸರದಿ. ತೊಳೆದ ಮೇಲೆ ಆ ವರ್ಷದ ತೀರ್ಪು ಯಾವುದನ್ನೂ ಮರಳಿ ಕೇಳುವಂತಿಲ್ಲ. ಅದಕ್ಕೇ ಸೋಮವಾರ ಸಭೆಯಲ್ಲಿ ಕೈ ಎತ್ತಿದ್ದು. ಮರ್ಯಾದೆಯಿಂದ ಕೇಳಿದ್ದೆ. ಚಪ್ಪಾಳೆ ಸಿಕ್ಕಿತು.

ಅದರ ಮರುದಿನ ಊಟದ ಹೊತ್ತಿಗೆ ನಿಯಂತ್ರಣ ಕೊಠಡಿಗೆ ಹೋದೆ. ಅಲ್ಲಿ ಪುಟ ನೋಡಿಕೊಳ್ಳೋದು ಮುಮ್ತಾಜ್ ಬಾನು. ನನಗಿಂತ ಹತ್ತು ವರ್ಷ ದೊಡ್ಡೋಳು, ಚಪ್ಪಾಳೆ ತಟ್ಟದವಳು.

“ಅಕ್ಕಾ, ತಾರೀಖು ಮಾಡೋ ಸಾಲು ಒಂದು ಸಲ ತೋರಿಸು. ಮುಟ್ಟಲ್ಲ.”

ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿ, ಬಾಗಿಲ ಕಡೆ ನೋಡಿ, ತೆರೆದಳು. ಸಂಖ್ಯೆ ತಗೊಂಡು ದಿನ ಮಾಡೋ ಸಾಲು. ಐದೂವರೆ ಗಂಟೆ ಎಲ್ಲೂ ಇಲ್ಲ. ಅದು ನನಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಅದರ ಮೇಲಿನ ಸಾಲು. ಯಂತ್ರ ಓದದ, ಬರೆಯೋರು ತಮ್ಮ ನೆನಪಿಗೆ ಬರೆದುಕೊಳ್ಳೋ ಟಿಪ್ಪಣಿ.

“ಮುಟ್ಟಬೇಡಿ. 5:30 ಸೇರಿಸಿದರೆ ಹಳೆಯ 317 ತೀರ್ಪು ತಿರುಗುತ್ತವೆ. – ಇಂದುಧರ, ಜುಲೈ 2051.”

ಎರಡು ಸಲ ಓದಿದೆ. 2051ರ ಜುಲೈ. ಅಪ್ಪ ಜೈಲಿಗೆ ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವತ್ತೇ ಆ ಸಾಲು ತಿದ್ದಿದ್ದರೆ ಮೂರು ವರ್ಷ ಮೊದಲೇ ಈಚೆ ಬರುತ್ತಿದ್ದ. ನಾನು ಮತ್ತೆ ಸ್ಕೂಲಿಗೆ ಹೋಗಬಹುದಿತ್ತು. ತಪ್ಪು ಯಾರಾದರೂ ಮಾಡ್ತಾರೆ. ಇದು ತಪ್ಪಲ್ಲ. ಇದು ಗೊತ್ತಿದ್ದೂ ಕುರ್ಚಿ ಮೇಲೆ ಕೂತಿದ್ದು.

“ಇದು ನಿನಗೆ ಗೊತ್ತಿತ್ತಾ ಅಕ್ಕಾ?”

“ಬಂದ ವರ್ಷವೇ ನೋಡಿದೆ. ಕೇಳಿದೆ. ‘ನಿನಗೂ ಮಕ್ಕಳಿದಾವಲ್ಲ ಬಾನು’ ಅಂದರು” ಅಂದಳು. “ನಾನು ತೋರಿಸಿದೆ ಅಂತ ಹೇಳಬೇಡ.”

“ಹೇಳಲ್ಲ.”

ಅವಳ ಹೆಸರು ಎತ್ತದೆ ಆ ಇಂದುಧರನನ್ನು ಬೀಳಿಸಬೇಕಿತ್ತು. ಆಮೇಲೆ ಹದಿನೈದು ದಿನ ನಾನು ಪರದೆ ಒರೆಸುತ್ತಾ ಅದನ್ನೇ ಯೋಚಿಸಿದೆ. ಮೇಲಿನವರಿಗೆ ಅರ್ಜಿ ಬರೆದರೆ ಅದು ಬಂದು ಬೀಳೋದು ಸಾಹೇಬರ ಮೇಜಿನ ಮೇಲೇ. ನನಗೆ ಅವನು ಕೆಲಸ ಕಳಕೊಂಡರೆ ಸಾಲದು. ಮೂವತ್ತೆರಡು ಜನರ ಮುಂದೆ ನನ್ನ ಅಪ್ಪನ ಹೆಸರು ಎತ್ತಿದ್ದ. ನನಗೆ ಮುನ್ನೂರು ಜನ ಬೇಕು. ಅವರ ಮುಂದೆ ಅವನ ಬಾಯಿಂದಲೇ ಬರಬೇಕು.

ದಾರಿ ಸಿಕ್ಕಿದ್ದು ಹೆಬ್ಬಾಗಿಲ ಪಕ್ಕದ ಗೋಡೆ ಒರೆಸುವಾಗ. ಅಲ್ಲಿ ಕರಿಕಲ್ಲಿನ ಫಲಕ. ಪುಟಕ್ಕೆ ಅಧಿಕಾರದ ಮುದ್ರೆ ಒತ್ತಿದ ಗಳಿಗೆಯನ್ನು ಕೆತ್ತಿಸಿದ್ದಾರೆ: “ಏಪ್ರಿಲ್ 1, 2046. ಕ್ಷಣಸಂಖ್ಯೆ 2406141900. ಮುದ್ರೆ ಒತ್ತಿದವರು ಶ್ರೀ ಇಂದುಧರ.” ಹನ್ನೊಂದು ವರ್ಷದಿಂದ ಅದಕ್ಕೆ ಹಾರ ಹಾಕ್ತಾರೆ. ಆ ಸಂಖ್ಯೆಯನ್ನು ಪುಟಕ್ಕೆ ಹಾಕಿ ನೋಡೋಣ ಅಂತ ಒಬ್ಬರಿಗೂ ಅನ್ನಿಸಿಲ್ಲ. ನಾನು ಬಟ್ಟೆ ಹಿಡಿದುಕೊಂಡೇ ಮನಸ್ಸಿನಲ್ಲಿ ಭಾಗಿಸಿದೆ. ಕಾಯಿದೆ ಜಾರಿಗೆ ಬಂದ ಕೂಡಲೇ ಒತ್ತುವ ಆತುರ ಇತ್ತಲ್ಲ, ಏಪ್ರಿಲ್ ಒಂದರ ನಡುರಾತ್ರಿ ಕಳೆದು ಎರಡೂಕಾಲಿಗೆ ಒತ್ತಿದ್ದ.

ಆ ಫಲಕವನ್ನು ಅವತ್ತು ಚೆನ್ನಾಗಿ ಒರೆಸಿದೆ. ಒಂದೊಂದು ಅಂಕಿಯ ಸಂದಿನ ಧೂಳೂ ತೆಗೆದೆ.

ಕಲ್ಲು ತೊಳೆಯುವ ದಿನ ಒಂದು ಪದ್ಧತಿ ಉಂಟು, ಕೊನೆ ಓದು ಅಂತ. ತೊಳೆಯುವ ಮುಂಚೆ ಯಾರು ಬೇಕಾದರೂ ಸರತಿಯಲ್ಲಿ ನಿಂತು ಒಂದು ಸಂಖ್ಯೆ ಕೊಟ್ಟು ಓದಿಸಿಕೊಳ್ಳಬಹುದು. ಒಬ್ಬರಿಗೆ ಒಂದೇ. ನ್ಯಾಯಾಧಿಕಾರಿ ಎದುರಿಗೆ ಕೂತಿರಬೇಕು. ಜನ ಸತ್ತ ತಾಯಿಯ ಕೊನೆ ಗಳಿಗೆ, ಮಗು ಹುಟ್ಟಿದ ಗಳಿಗೆ ಓದಿಸಿಕೊಂಡು, ದೊಡ್ಡ ಪರದೆ ಮೇಲೆ ನೋಡಿ ಕಣ್ಣೊರೆಸಿಕೊಂಡು ಹೋಗ್ತಾರೆ. ಆ ವರ್ಷದ ನ್ಯಾಯಾಧಿಕಾರಿ ತಾರಾಮತಿ ಮೇಡಂ. ಪಕ್ಕದ ಕುರ್ಚಿಯಲ್ಲಿ ಸಾಹೇಬರು, ಕೊರಳಲ್ಲಿ ಶಾಲು.

ಅಪ್ಪ ಬರಲಿಲ್ಲ. ನನ್ನ ಹಿಂದೆ ಅಮ್ಮ, ತೀರ್ಪಿನ ಕಾಗದ ಮಡಚಿ ಹಿಡಿದು. ಅವಳ ಹಿಂದೆ ಸಿದ್ದಮ್ಮ, ಎರಡೂ ಕೂಸು ಎರಡು ಕಂಕುಳಲ್ಲಿ. “ಆ ಕಾರ್ಡಿಂದು ಮೇಡಮ್ಮನ ಮುಂದೆ ಕೇಳೇಬಿಡ್ತೀನಿ” ಅಂತ ತಾನೇ ಹೊರಟು ಬಂದಿದ್ದಳು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಆ ಕಾರ್ಡು ಬೇಕಿತ್ತು.

ನನ್ನ ಸರದಿ ಬಂತು.

“ಯಾರ ಗಳಿಗೆಯಪ್ಪ?” ಅಂದರು ಮೇಡಂ.

“ಈ ಪುಟದ್ದೇ ಮೇಡಂ. ಹೊರಗೆ ಕಲ್ಲಲ್ಲಿ ಕೆತ್ತಿರೋದು. ಎರಡು ನಾಲ್ಕು ಸೊನ್ನೆ ಆರು, ಒಂದು ನಾಲ್ಕು ಒಂದು, ಒಂಬತ್ತು ಸೊನ್ನೆ ಸೊನ್ನೆ.”

ಸಾಹೇಬರ ಕೈ ಶಾಲಿನ ಮೇಲೆ ಹೋಯಿತು. ಮುಮ್ತಾಜ್ ಬಾನು ಅಂಕಿ ಒತ್ತಿದಳು. ದೊಡ್ಡ ಪರದೆ ಮೇಲೆ ಬಂತು: ಮಾರ್ಚ್ 31, 2046.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, “ಹೊರಗೆ ಏಪ್ರಿಲ್ ಒಂದು ಅಂತ ಐತಲ್ಲೋ” ಅಂದ. ನಗು ಎದ್ದಿತು. ಮೇಡಂ ನಗಲಿಲ್ಲ.

“ಇಂದುಧರ್, ಕಾಯಿದೆ ಬಂದದ್ದು ಏಪ್ರಿಲ್ ಒಂದಕ್ಕೆ. ಹಿಂದಿನ ದಿನ ಮುದ್ರೆ ಒತ್ತೋಕೆ ನಿಮಗೆ ಅಧಿಕಾರ ಎಲ್ಲಿತ್ತು?”

“ಇಲ್ಲ ಮೇಡಂ, ಒತ್ತಿದ್ದು ಒಂದನೇ ತಾರೀಖೇ. ನಸುಕಿಗೆ.”

“ಹಾಗಾದರೆ ಪುಟ ತಪ್ಪು ಓದುತ್ತಿದೆ.”

ಅವರು ತುಟಿ ಒದ್ದೆ ಮಾಡಿಕೊಂಡರು. ಅದನ್ನು ನೋಡೋಕೆ ನಾನು ಎಂಟು ವರ್ಷ ಕಾದಿದ್ದೆ ಅನ್ನಿಸಿತು. “ತಪ್ಪಲ್ಲ ಮೇಡಂ. ನಮ್ಮ ಸಂಪ್ರದಾಯ. ಸೂರ್ಯೋದಯದವರೆಗೆ ಹಿಂದಿನ ದಿನವೇ ನಡೆಯುತ್ತೆ. ಜನರ ಅನುಕೂಲಕ್ಕೆ ಅಂತ ಬೇಕೆಂದೇ ಹಾಗಿಟ್ಟಿದ್ದು. ಹಿರಿಯರನ್ನ ಕೇಳಿ.”

ಸಭೆಯಲ್ಲಿ ಹಿರಿಯರು ತಲೆ ಆಡಿಸಿದರು. ಬುದ್ಧಿವಂತ. ನಾನು ಹಿಂತಿರುಗಿ ನೋಡಿದೆ, ಅಷ್ಟೆ. ಸಿದ್ದಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

“ಹಂಗಾದ್ರೆ ನನ್ನ ಸಣ್ಣ ಮೊಮ್ಮಗಂದೇನು ಸಾಹೇಬ್ರೇ?” ಅಂತ ಮುಂದೆ ಬಂದಳು. ಕಾರ್ಡು ಎರಡೂ ಮೇಡಂ ಮುಂದೆ ಇಟ್ಟಳು. “ಇವನು ಐದು ಇಪ್ಪತ್ತೈದಕ್ಕೆ, ಇವನು ಐದು ಮೂವತ್ತೈದಕ್ಕೆ. ಎರಡೂ ಕತ್ತಲಾಗೇ ಹುಟ್ಟಿದವು. ಹೊತ್ತು ಹುಟ್ಟಿದ್ದು ಆರೂವರೆ ಮ್ಯಾಲೆ. ಒಬ್ಬನಿಗೆ ಸಂಪ್ರದಾಯ, ಇನ್ನೊಬ್ಬನಿಗೆ ಇಲ್ಲೇನು? ನಾನು ಕಣ್ಣಾರೆ ಕಂಡೀನಿ.”

ಆ ಮಾತಿಗೆ ಈ ಸಲ ಯಾರೂ ನಗಲಿಲ್ಲ.

ಮೇಡಂ ಕಾರ್ಡುಗಳನ್ನು ತುಂಬ ಹೊತ್ತು ನೋಡಿದರು. “ತಾರೀಖು ಮಾಡುವ ಸಾಲು ತೆರೆಯಿರಿ” ಅಂದರು. ಸಾಹೇಬರು ಏಳಹೋದರು. ಅಷ್ಟರಲ್ಲಿ ಮುಮ್ತಾಜ್ ಬಾನು ತೆರೆದಾಗಿತ್ತು. ತನ್ನ ಸಣ್ಣ ಪರದೆಯಲ್ಲಲ್ಲ, ಗೋಡೆಯಷ್ಟು ದೊಡ್ಡದರಲ್ಲಿ. ನಾನು ಅವಳ ಹೆಸರು ಎತ್ತಲಿಲ್ಲ. ಅವಳೇ ಎತ್ತಿಕೊಂಡಳು.

ಮೇಡಂ ಆ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. “ಮುಟ್ಟಬೇಡಿ” ಇಂದ “ಜುಲೈ 2051” ರವರೆಗೆ. ಓದಿ ಮುಗಿಸಿ, “ನೀವೇ ಹೇಳಿ” ಅಂದರು.

“ಪುಟ ತಪ್ಪು” ಅಂದರು ಸಾಹೇಬರು.

“ಕೇಳಿಸಲಿಲ್ಲ.”

“ಪುಟ ತಪ್ಪು ಮೇಡಂ. ನನಗೆ ಗೊತ್ತಿತ್ತು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟಿದೆ. ಒಬ್ಬನೇ, ಮೂರು ಸಲ. ಕೂಸುಗಳು ಬೆಚ್ಚಿ ಅಳೋಕೆ ಹತ್ತಿದವು. ಸಿದ್ದಮ್ಮ ಅವನ್ನು ಎದೆಗೊತ್ತಿಕೊಂಡು, “ಹೊರಗೆ ಕುಂತಿರ್ತೀನಿ ಕರಿಬಸಮ್ಮಾ, ನೀನು ಮುಗಿಸ್ಕೊಂಡು ಬಾ” ಅಂತ ಅಮ್ಮನಿಗೆ ಹೇಳಿ ಹೋದಳು.

2049ರ ಕಲ್ಲು ತೊಳೆಯಬಾರದು ಅಂತ ಮೇಡಂ ಆಜ್ಞೆ ಮಾಡಿದರು. ಬಾನು ಆ ಸಾಲಿಗೆ 19,800 ಸೆಕೆಂಡು ಸೇರಿಸಿದಳು. ಐದೂವರೆ ಗಂಟೆ ಅಂದರೆ ಅಷ್ಟೇ, ಐದು ಅಂಕಿ. ಅಮ್ಮ ಕಾಗದ ಬಿಚ್ಚಿ ತಡವರಿಸುತ್ತಾ ಸಂಖ್ಯೆ ಓದಿದಳು. ಪರದೆ ಮೇಲೆ ಬಂತು: ಸೆಪ್ಟೆಂಬರ್ 12, 2049. ಅಮ್ಮ ಕಾಗದ ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಹಿಂದೆ ಜನ ಪಿಸುಗುಟ್ಟತೊಡಗಿದರು. ಮೊದಲು “ಮೈಲಾರಪ್ಪ ಅಲ್ಲ” ಅಂತ. ಆಮೇಲೆ ಇನ್ನೊಂದು ಹೆಸರು, ಬಾಯಿಂದ ಬಾಯಿಗೆ, ಬಾಗಿಲ ಕಡೆಗೆ ಹರಿಯಿತು. ಅಪ್ಪನ ಹೆಸರು ಎಂಟು ವರ್ಷ ಹೇಗೆ ಹರಿದಿತ್ತೋ ಹಾಗೇ.

ಆ ಹೆಸರು ಸಿದ್ದಮ್ಮನ ಕಿವಿಗೆ ಬೀಳೋ ಮುಂಚೆ ಅವಳ ಹತ್ತಿರ ಹೋಗಬೇಕು ಅಂತ ನಾನು ಹೊರಟೆ. ಸಾಹೇಬರು ನನ್ನ ದಾರಿಯಲ್ಲೇ ನಿಂತಿದ್ದರು, ಶಾಲು ಕೈಯಲ್ಲಿ. ಬಯ್ಯುತ್ತಾರೆ ಅಂದುಕೊಂಡೆ. ಅದಕ್ಕೆ ಉತ್ತರ ಹದಿನೈದು ದಿನದಿಂದ ರೆಡಿ ಇತ್ತು. ಬಯ್ಯಲಿಲ್ಲ.

“ಮುನ್ನೂರ ಹದಿನೇಳು ಹಾಲೇಶ” ಅಂದರು. “ಒಂದೊಂದರ ಹಿಂದೆಯೂ ಇನ್ನೊಬ್ಬರಿದಾರೆ.”

ಅವರನ್ನು ಬಳಸಿಕೊಂಡು ಈಚೆ ಬಂದೆ.

ಮೆಟ್ಟಿಲ ಮೇಲೆ ಬಿಸಿಲು. ಸಿದ್ದಮ್ಮ ಕರಿಕಲ್ಲಿನ ಫಲಕದ ಕೆಳಗೆ ಕಾಲು ಚಾಚಿ ಕೂತಿದ್ದಳು. ಒಂದು ಕೂಸು ಮಲಗಿತ್ತು, ಇನ್ನೊಂದು ಅವಳ ಬೆರಳು ಚೀಪುತ್ತಿತ್ತು. ನನ್ನ ಮುಖ ನೋಡಿದ ಕೂಡಲೇ ಅವಳ ಮುಖ ಅರಳಿತು.

“ಅಪ್ಪಂದಲ್ಲ ಅಂತ ಆತೇನಪ?”

ತಲೆ ಆಡಿಸಿದೆ.

“ನನಗೆ ಗೊತ್ತಿತ್ತು. ಮೈಲಾರಣ್ಣ ಅಂಥೋನಲ್ಲ ಅಂತ ನಮ್ಮ ಮನೆಯವರೂ ಸಾಯೋವರೆಗೂ ಅಂತಿದ್ರು. ಅವನ ಮನೆಗೆ ರೊಟ್ಟಿ ತಪ್ಪಿಸಬ್ಯಾಡ ಅಂತಿದ್ರು.” ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ಹಿಂದೆ ಬಾಗಿಲಲ್ಲಿ ಜನ ಬಂದು ನಿಂತರು. ಅವಳನ್ನು ನೋಡಿ ಒಬ್ಬೊಬ್ಬರೇ ಸುಮ್ಮನಾದರು. ಅವಳಿಗೆ ಅದು ತಿಳಿಯಲಿಲ್ಲ.

“ಮತ್ತೆ ಅವತ್ತು ಗೇಟು ಎತ್ತಿದೋರು ಯಾರಂತಪ?” ಅಂತ ಕೇಳಿದಳು.

ನಾನು ಮೆಟ್ಟಿಲಿಳಿದು ಹೊಳೆ ಕಡೆಯ ರಸ್ತೆ ಹಿಡಿದೆ. “ಹಾಲೇಶಿ” ಅಂತ ಹಿಂದಿನಿಂದ ಇನ್ನೊಂದು ಸಲ ಕರೆದಳು. ನಾನು ನಿಲ್ಲಲಿಲ್ಲ.